ಬೇರಿಂಗ್ ಕವರಿಗೊಂದು ಡ್ರಿಲ್ ಜಿಗ್: ವಿನ್ಯಾಸದ ಕ್ರಮ ಮತ್ತು ಲೆಕ್ಕ

ಮಲೆನಾಡಿನಲ್ಲಿ ಅಡಿಕೆಯ ಕೊನೆ ಕೊಯ್ಲು ಆರಂಭವಾದ ಮೇಲೆ ಸುಲಿಯುವ ಯಂತ್ರ ಒಂದು ದಿನ ನಿಂತರೂ ಮನೆಯವರಿಗೆ ನೆಮ್ಮದಿಯಿರುವುದಿಲ್ಲ. ಕೊಯ್ದು ತಂದ ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ, ಬೇಯಿಸುವ ಹಂಡೆ ಕಾಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ತೀರ್ಥಹಳ್ಳಿಯ ಕಡೆಯ ಬೆಳೆಗಾರರೊಬ್ಬರು ಒಡೆದ ಬೇರಿಂಗ್ ಕವರನ್ನು ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಬಂದು ಹೊಸದೊಂದನ್ನು ಒಯ್ದರೆ, ಅದರ ನಾಲ್ಕು ತೂತುಗಳು ಐದಾರು ವರ್ಷಗಳ ಹಿಂದೆ ಮಾರಿದ ಹೌಸಿಂಗಿನ (ಬೇರಿಂಗ್ ಕೂರುವ ಗೂಡಿನ) ನಾಲ್ಕು ಬೋಲ್ಟುಗಳಿಗೆ ತಡೆಯಿಲ್ಲದೆ ಕೂಡಬೇಕು. ಇಂದು ಕೊರೆದ ತೂತು ಎಂದೋ ಕೊರೆದ ತೂತಿಗೆ ಕೂಡುವಂತೆ ಮಾಡುವುದೇ ಜಿಗ್ಗಿನ, ಅಂದರೆ ಭಾಗವನ್ನು ಹಿಡಿದು ಡ್ರಿಲ್ ಬಿಟ್ಟಿಗೆ ದಾರಿ ತೋರುವ ಸಾಧನದ, ಕೆಲಸ. ಕೆಲಸ ಬೇಗ ಮುಗಿಯುತ್ತದೆ ಎಂಬುದು ಅದರ ಜೊತೆಗೆ ಬರುವ ಲಾಭವಷ್ಟೆ.

ನಾನು ಮಾಡಿದ ಮೊದಲ ಜಿಗ್ ಕವರಿನ ಹೊರ ಅಂಚನ್ನು ಹಿಡಿಯುತ್ತಿತ್ತು. ಬುಷ್‌ಗಳ (ಬಿಟ್ಟನ್ನು ನಡೆಸುವ ಗಡಸು ಕೊಳವೆಗಳ) ಅಳತೆ ಕರಾರುವಾಕ್ಕಾಗಿತ್ತು, ತೂತುಗಳ ನಡುವಣ ಅಂತರವೂ ಸರಿಯಿತ್ತು, ಆದರೂ ಹತ್ತರಲ್ಲಿ ಮೂರು ನಾಲ್ಕು ಕವರುಗಳು ಹೌಸಿಂಗಿಗೆ ಕೂಡಲಿಲ್ಲ. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಹೊರ ಅಂಚು ಎರಕದ ಮೇಲ್ಮೈಯಾಗಿತ್ತು. ಅಚ್ಚಿನ ಎರಡು ಪೆಟ್ಟಿಗೆಗಳು ತುಸು ಜರುಗಿದರೆ ಅದು ನಡುವಿನ ಕೇಂದ್ರದಿಂದ ಒಂದು ಮಿಲಿಮೀಟರಿನವರೆಗೂ ಸರಿದಿರುತ್ತಿತ್ತು. ಹೌಸಿಂಗಿಗೆ ಕವರು ಕೂಡುವುದು ಅಂಚಿನಿಂದಲ್ಲ, ಲೇತಿನಲ್ಲಿ ತಿರುಗಿಸಿದ ಸ್ಪಿಗಾಟಿನಿಂದ, ಅಂದರೆ ಹೌಸಿಂಗಿನ ಒಳಗೆ ಇಳಿಯುವ ದುಂಡನೆಯ ಉಬ್ಬಿನಿಂದ. ಭಾಗವು ಯಂತ್ರದಲ್ಲಿ ಯಾವ ಮೈಯಿಂದ ಕೂಡುತ್ತದೆಯೋ ಜಿಗ್ಗಿನಲ್ಲಿಯೂ ಅದೇ ಮೈಯಿಂದ ಕೂಡಬೇಕು. ಇದೊಂದು ಮಾತು ಗಟ್ಟಿಯಾದರೆ ಉಳಿದ ನಿರ್ಧಾರಗಳೆಲ್ಲ ಅದರ ಬೆನ್ನಿಗೇ ಬರುತ್ತವೆ.

ಉದಾಹರಣೆಗೆ ನಾವು ತೆಗೆದುಕೊಳ್ಳುವ ಕವರು 6207 ಬೇರಿಂಗಿನದು. ಈ ಬೇರಿಂಗಿನ ಹೊರವ್ಯಾಸ 72 ಮಿ.ಮೀ., ಒಳವ್ಯಾಸ 35 ಮಿ.ಮೀ. ಆದ್ದರಿಂದ ಕವರಿನ ಸ್ಪಿಗಾಟ್ 72 ಎಚ್7 (ಅಳತೆಯ ಮಿತಿ ಹೇಳುವ ಗುರುತು; ಒಳಗೆ ಇಳಿಯುವ ಭಾಗಕ್ಕೆ ಇಂಗ್ಲಿಷಿನ ಸಣ್ಣ ಅಕ್ಷರ, ತೂತಿಗೆ ದೊಡ್ಡ ಅಕ್ಷರ), ಅಂದರೆ 72.000 ಮತ್ತು 71.970ರ ನಡುವೆ, ಎತ್ತರ 5 ಮಿ.ಮೀ. ಫ್ಲೇಂಜಿನ (ಬೋಲ್ಟ್ ತೂತುಗಳಿರುವ ಚಪ್ಪಟೆ ಅಂಚಿನ) ಹೊರವ್ಯಾಸ 116, ದಪ್ಪ 12, ನಡುವಿನ ತೂತು 45 ಮಿ.ಮೀ. ಎಂಟರ ಬೋಲ್ಟಿಗಾಗಿ 9 ಮಿ.ಮೀ.ನ ನಾಲ್ಕು ತೂತುಗಳು 96 ಮಿ.ಮೀ. ವ್ಯಾಸದ ವೃತ್ತದ ಮೇಲಿವೆ. ಅಂಚಿನ ಕೆಳಭಾಗದಲ್ಲಿ ಹಳೆಯ ಗ್ರೀಸ್ ಹೊರಬರಲು ಎರಕದಲ್ಲಿಯೇ ಬಿಟ್ಟ 10 ಮಿ.ಮೀ. ಅಗಲದ ಗಾಡಿ, ಅಂದರೆ ಸೀಳು, ಇದೆ. ಸ್ಪಿಗಾಟ್, ಫ್ಲೇಂಜಿನ ಕೂಡುವ ಮುಖ ಮತ್ತು ಹಿಂಬದಿ ಮೂರೂ ಲೇತಿನಲ್ಲಿ ಮುಗಿದ ಮೇಲೆಯೇ ಭಾಗ ಡ್ರಿಲ್ಲಿಂಗಿಗೆ ಬರುತ್ತದೆ.

ಬಿಡುವಾಗಿರುವ ಯಾವುದೇ ವಸ್ತುವಿಗೆ ಆರು ಬಗೆಯ ಚಲನೆಗಳಿರುತ್ತವೆ. ಮೂರು ದಿಕ್ಕಿನಲ್ಲಿ ಸರಿಯಬಹುದು, ಮೂರು ಅಕ್ಷಗಳ ಸುತ್ತ ತಿರುಗಬಹುದು. ಜಿಗ್ ಈ ಆರನ್ನೂ ತಡೆಯಬೇಕು, ಒಂದನ್ನು ಎರಡೆರಡು ಸಲ ತಡೆಯಬಾರದು. ನಮ್ಮ ಕವರಿನಲ್ಲಿ ಫ್ಲೇಂಜಿನ ಮುಖ ಬೇಸ್ ಪ್ಲೇಟಿನ ಮೇಲೆ ಕುಳಿತಾಗ ಕೆಳಕ್ಕೆ ಸರಿಯುವುದು ಮತ್ತು ಎರಡು ಬದಿಗೆ ವಾಲುವುದು ನಿಲ್ಲುತ್ತದೆ. ಸ್ಪಿಗಾಟ್ ಬೇಸಿನ ಗುಳಿಯಲ್ಲಿ ಇಳಿದಾಗ ಅಡ್ಡ ಮತ್ತು ಉದ್ದ ಸರಿಯುವುದು ನಿಲ್ಲುತ್ತದೆ. ಗಾಡಿಯೊಳಗೆ ನಿಲ್ಲುವ ಒಂದು ಪಿನ್ ತಿರುಗುವುದನ್ನು ತಡೆಯುತ್ತದೆ. ಗುಳಿಯ ಆಳ 5 ಅಲ್ಲ, 7 ಮಿ.ಮೀ. ಇರಲಿ. ಸ್ಪಿಗಾಟಿನ ತುದಿ ತಳಕ್ಕೆ ತಾಗಿದರೆ ಫ್ಲೇಂಜಿನ ಮುಖ ಮೇಲೇಳುತ್ತದೆ, ಕವರು ತನ್ನ ನಿಜವಾದ ಪೀಠದ ಮೇಲೆ ಕೂರುವುದೇ ಇಲ್ಲ. ಗುಳಿಯ ತಳದ ಮೂಲೆಯಲ್ಲಿ 2 ಮಿ.ಮೀ. ತೋಡು ತೆಗೆದಿಟ್ಟರೆ ಬೀಡಿನ (ಎರಕದ ಕಬ್ಬಿಣದ) ಪುಡಿ ಅಲ್ಲಿ ಸೇರುತ್ತದೆ, ಕೂರುವ ಮೈಗೆ ಬರುವುದಿಲ್ಲ. ಗಾಡಿಯ ಪಿನ್ನಿಗೆ ಮಾತ್ರ ಹೆಚ್ಚಿನ ನಿಖರತೆ ಬೇಕಿಲ್ಲ, 9 ಮಿ.ಮೀ. ಪಿನ್ ಧಾರಾಳವಾಗಿ ಸಾಕು. ಕವರು ಒಂದು ಡಿಗ್ರಿ ತಿರುಗಿ ಕುಳಿತರೂ ನಾಲ್ಕು ತೂತುಗಳು ಒಟ್ಟಾಗಿಯೇ ತಿರುಗುತ್ತವೆ, ಬೋಲ್ಟುಗಳಿಗೆ ಅದರಿಂದ ತೊಂದರೆಯಿಲ್ಲ. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಸಾಕು ಎಂಬುದನ್ನು ಹೀಗೆ ಒಂದೊಂದಾಗಿ ಕೇಳಿಕೊಳ್ಳದೆ ಎಲ್ಲ ಕಡೆಯೂ ನೂರರ ಒಂದಂಶ ಬರೆದುಬಿಟ್ಟರೆ ಜಿಗ್ಗಿನ ಬೆಲೆ ವಿನಾಕಾರಣ ಏರುತ್ತದೆ.

ಮುಂದಿನದು ಒತ್ತಡದ ದಿಕ್ಕು. ಡ್ರಿಲ್ ಬಿಟ್ ಕೆಳಕ್ಕೆ ಒತ್ತುತ್ತದೆ. ಆ ಒತ್ತು ಗಟ್ಟಿಯಾದ ಬೇಸಿಗೆ ಹೋಗಬೇಕು, ಹಿಡಿಯುವ ಕ್ಲಾಂಪಿನ ಮೇಲೆ ಬೀಳಬಾರದು. ಆದ್ದರಿಂದ ಕವರು ಸ್ಪಿಗಾಟ್ ಕೆಳಗಾಗಿ ಬೇಸಿನ ಮೇಲೆ ಕೂರುತ್ತದೆ, ಬುಷ್‌ಗಳಿರುವ ಪ್ಲೇಟ್ ಮೇಲಿನಿಂದ, ಸ್ಥಾನ ಹಿಡಿಯುವ ಎರಡು ಡೋವೆಲ್ ಪಿನ್ನುಗಳ ಮೇಲೆ ಇಳಿಯುತ್ತದೆ. ಬೇಸಿಗೆ 180 × 150 × 25 ಮಿ.ಮೀ. ಮೈಲ್ಡ್ ಸ್ಟೀಲ್ ಸಾಕು. ಮೇಲಿನ ಪ್ಲೇಟು 160 × 125 × 16 ಮಿ.ಮೀ. ಇದ್ದರೆ ಸುಮಾರು ಎರಡೂವರೆ ಕೆ.ಜಿ. ತೂಗುತ್ತದೆ. ದಿನಕ್ಕೆ ನೂರು ಸಲ ಅದನ್ನು ಎತ್ತಿ ಇಡುವ ಕೈಯನ್ನು ನೆನೆದು ಇದಕ್ಕಿಂತ ಭಾರ ಮಾಡಬಾರದು. ಬೇಸಿನ ನಡುವಿನಿಂದ ಒಂದು ಎಂ16 ಸ್ಟಡ್ ಮೇಲೆದ್ದು, ಕವರಿನ ತೂತು ಮತ್ತು ಪ್ಲೇಟಿನ ತೂತುಗಳ ಮೂಲಕ ಹೊರಬರುತ್ತದೆ. ಅದರ ಮೇಲೆ ಸಿ ವಾಷರ್ (ಒಂದು ಬದಿ ತೆರೆದ ವಾಷರ್), ಮೇಲೆ ನಟ್. ಪ್ಲೇಟಿನ ನಡುವಿನ ತೂತು 30 ಮಿ.ಮೀ. ಇದ್ದರೆ ನಟ್ಟನ್ನು ಕಳಚಬೇಕಾಗಿಲ್ಲ. ಅರ್ಧ ಸುತ್ತು ಸಡಿಲಿಸಿ ಸಿ ವಾಷರನ್ನು ಪಕ್ಕಕ್ಕೆಳೆದರೆ ಪ್ಲೇಟ್ ನಟ್ಟಿನ ಮೇಲಿನಿಂದಲೇ ಹೊರಬರುತ್ತದೆ, ಅದರ ಹಿಂದೆಯೇ ಕವರೂ ಬರುತ್ತದೆ.

ಪ್ಲೇಟಿನ ಕೆಳಮೈಯಲ್ಲಿ ಹೊರವ್ಯಾಸ 80, ಒಳವ್ಯಾಸ 66, ಎತ್ತರ 4.5 ಮಿ.ಮೀ.ನ ಉಂಗುರವೊಂದನ್ನು ಬಿಡಬೇಕು. ಕವರಿನ ಹಿಂಬದಿಯನ್ನು ಒತ್ತುವುದು ಈ ಉಂಗುರ. ಅದು ಹೆಚ್ಚುಕಡಿಮೆ ಪೀಠದ ನೇರಕ್ಕೇ ಬರುವುದರಿಂದ ಬಿಗಿದಾಗ ಕವರು ಬಾಗುವುದಿಲ್ಲ. ಉಂಗುರದ ಎತ್ತರವೇ ಬುಷ್ ಮತ್ತು ಕವರಿನ ನಡುವಿನ ಅಂತರವೂ ಆಗುತ್ತದೆ. ಬೀಡಿನ ಚಿಪ್ಸ್ ಪುಡಿಯಾಗಿ ಬರುವುದರಿಂದ ಡ್ರಿಲ್ ವ್ಯಾಸದ ಅರ್ಧದಷ್ಟು ಅಂತರ ಸಾಕಾಗುತ್ತದೆ. ಸ್ಟೀಲಾದರೆ ಸುರುಳಿ ಸುರುಳಿಯಾಗಿ ಬರುವ ಚಿಪ್ಸಿಗೆ ಡ್ರಿಲ್ಲಿನ ಒಂದು ವ್ಯಾಸದಷ್ಟಾದರೂ ಜಾಗ ಬೇಕು. ಅಂತರವೇ ಇಲ್ಲದಿದ್ದರೆ ಪುಡಿಯೆಲ್ಲ ಬುಷ್ಷಿನ ಒಳಗಿಂದಲೇ ಮೇಲೆ ಬರುತ್ತದೆ, ಅದನ್ನು ತೇಯುತ್ತದೆ; ಅತಿಯಾದರೆ ಬಿಟ್ ಅಲೆಯುತ್ತದೆ.

ಕೆಲಸದ ಭರದಲ್ಲಿ ಕವರನ್ನು ತಲೆಕೆಳಗಾಗಿ ಇಡುವುದು ಯಾರ ಕೈಯಲ್ಲಾದರೂ ಆಗುವ ತಪ್ಪು, ಅದನ್ನು ಎಚ್ಚರಿಕೆಯ ಮಾತಿನಿಂದ ತಡೆಯುವ ಬದಲು ವಿನ್ಯಾಸದಿಂದ ತಡೆಯಬೇಕು. ಡೋವೆಲ್ ಪಿನ್ನುಗಳು ಬೇಸಿನಿಂದ 21 ಮಿ.ಮೀ. ಮಾತ್ರ ಮೇಲಿರಲಿ. ಕವರು ಸರಿಯಾಗಿ ಕುಳಿತಾಗ ಪ್ಲೇಟಿನ ಕೆಳಮೈ ಬೇಸಿನಿಂದ 16.5 ಮಿ.ಮೀ. ಎತ್ತರದಲ್ಲಿರುತ್ತದೆ, ಪಿನ್ನು ಅದರೊಳಗೆ 4.5 ಮಿ.ಮೀ. ಹೋಗುತ್ತದೆ. ತಲೆಕೆಳಗಾದರೆ ಸ್ಪಿಗಾಟ್ ಉಂಗುರಕ್ಕೆ ತಾಗಿ ಪ್ಲೇಟ್ 5 ಮಿ.ಮೀ. ಮೇಲೇಳುತ್ತದೆ, ಪಿನ್ನು ಅದನ್ನು ಮುಟ್ಟುವುದೇ ಇಲ್ಲ. ಪ್ಲೇಟ್ ಕೈಯಲ್ಲಿ ಅಲುಗಾಡುವುದರಿಂದ ತಪ್ಪು ಆ ಕ್ಷಣವೇ ತಿಳಿಯುತ್ತದೆ. ಒಂದು ಪಿನ್ 12, ಇನ್ನೊಂದು 10 ಮಿ.ಮೀ. ಇದ್ದರೆ ಪ್ಲೇಟ್ ತಿರುಗುಮುರುಗಾಗಿಯೂ ಕೂರದು. ಹತ್ತರ ಪಿನ್ನಿನ ಎರಡು ಬದಿಗಳನ್ನು ಉಜ್ಜಿ ವಜ್ರದಾಕಾರಕ್ಕೆ ತಂದರೆ ಅದು ತಿರುಗುವುದನ್ನಷ್ಟೇ ತಡೆಯುತ್ತದೆ, ಎರಡು ಪಿನ್ನುಗಳು ಒಂದಕ್ಕೊಂದು ಹಟ ಹಿಡಿದು ಪ್ಲೇಟ್ ಸಿಕ್ಕಿಕೊಳ್ಳುವುದಿಲ್ಲ.

ಬುಷ್‌ಗಳನ್ನು ಇಎನ್31 ಉಕ್ಕಿನಲ್ಲಿ ಮಾಡಿ, 60ರಿಂದ 62 ಎಚ್‌ಆರ್‌ಸಿ ಗಡಸುತನಕ್ಕೆ ಹದ ಮಾಡಿಸಿ, ಒಳಹೊರಗು ಗ್ರೈಂಡ್ ಮಾಡಿಸಬೇಕು. ಒಳವ್ಯಾಸ 9 ಎಫ್7, ಅಂದರೆ 9.013ರಿಂದ 9.028, ಹೊರವ್ಯಾಸ 15 ಎನ್6, ಪ್ಲೇಟಿನ ತೂತು 15 ಎಚ್7, ಉದ್ದ 16 ಮಿ.ಮೀ. ಡ್ರಿಲ್ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಉದ್ದವಿರುವ ಬುಷ್ ಬಿಟ್ಟನ್ನು ಚೆನ್ನಾಗಿ ನಡೆಸುತ್ತದೆ. ಬಾಯಿಯ ಅಂಚನ್ನು ಗುಂಡಾಗಿಸದಿದ್ದರೆ ಬಿಟ್ಟಿನ ತುಟಿ ಅದಕ್ಕೆ ಬಡಿದು ಮುರಿಯುತ್ತದೆ. ಬುಷ್ಷನ್ನು ಒತ್ತಿ ಕೂರಿಸಿದಾಗ ಒಳವ್ಯಾಸ ಕೆಲವು ಮೈಕ್ರಾನ್ ಕುಗ್ಗುವುದರಿಂದ ಕೂರಿಸಿದ ಮೇಲೆ ಮತ್ತೊಮ್ಮೆ ಅಳೆದು, ಬೇಕಾದರೆ ಲ್ಯಾಪ್ ಮಾಡಬೇಕು (ನಯವಾದ ಪುಡಿಯಿಂದ ಉಜ್ಜಬೇಕು).

ಈಗ ವಿನ್ಯಾಸದ ಹೃದಯವಾದ ಲೆಕ್ಕಕ್ಕೆ ಬರೋಣ. ಬೋಲ್ಟ್ 8, ತೂತು 9. ನಡುವಿನ ಬಿಡುವು 1 ಮಿ.ಮೀ. ಹೌಸಿಂಗಿನ ಮರೆತೂತಿಗೂ (ಬೋಲ್ಟ್ ತಿರುಗಿ ಕೂರುವ ತೂತಿಗೂ) ಕವರಿನ ತೂತಿಗೂ ಇದನ್ನು ಸಮವಾಗಿ ಹಂಚಿದರೆ ಕವರಿನ ತೂತಿನ ಕೇಂದ್ರ ತನ್ನ ನಿಜವಾದ ಸ್ಥಾನದಿಂದ ಯಾವ ದಿಕ್ಕಿಗಾದರೂ 0.25 ಮಿ.ಮೀ. ಸರಿಯಬಹುದು. ಜಿಗ್ಗಿನ ತಪ್ಪುಗಳೆಲ್ಲ ಒಂದೇ ಕಡೆಗೆ ಸೇರಿದರೂ ಈ ಮಿತಿ ದಾಟಬಾರದು. ಬೇಸಿನ ಗುಳಿಯನ್ನು 72 ಜಿ7ಕ್ಕೆ ಬೋರ್ ಮಾಡಿದರೆ ಅದು 72.040ರವರೆಗೂ ಹೋಗಬಹುದು; ಅತಿ ಸಣ್ಣ ಸ್ಪಿಗಾಟ್ 71.970 ಆದಾಗ ಬಿಡುವು 0.070, ಕೇಂದ್ರ ಸರಿಯುವುದು 0.035. ಡೋವೆಲ್ 12 ಜಿ6, ಅದರ ತೂತು ಎಚ್7 ಆದರೆ ಗರಿಷ್ಠ ಬಿಡುವು 0.035, ಸರಿಯುವುದು 0.018. ಬುಷ್ಷಿನ ಸ್ಥಾನಕ್ಕೆ ನಾವು ಕೊಡುವ ಮಿತಿ 0.05. ಉಳಿದದ್ದು ಬಿಟ್ಟಿನ ವಾಲಿಕೆ: 8.978ರ ಬಿಟ್ 9.028ರ ಬುಷ್ಷಿನಲ್ಲಿ 0.05 ಬಿಡುವಿನಲ್ಲಿ ನಿಲ್ಲುತ್ತದೆ. ಬುಷ್ಷಿನ ಕೆಳಬಾಯಲ್ಲಿ ಅದು 0.025 ಸರಿದಿರಬಹುದು, 16 ಮಿ.ಮೀ. ಉದ್ದಕ್ಕೆ 0.05ರಂತೆ ವಾಲುತ್ತ ಕೆಳಗಿನ 16.5 ಮಿ.ಮೀ. ಇಳಿಯುವಷ್ಟರಲ್ಲಿ ಇನ್ನೂ 0.052 ಸೇರಿ ಸುಮಾರು 0.08 ಆಗುತ್ತದೆ. ಎಲ್ಲ ಕೂಡಿದರೆ 0.18. ಮಿತಿಯೊಳಗೆ 0.07 ಉಳಿಯಿತು.

ಆ ಉಳಿಕೆ ಬುಷ್ಷಿನ ಸವೆತಕ್ಕೆ ಮೀಸಲು. ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ಬುಷ್ಷಿನ ಒಳವ್ಯಾಸ 9.07 ಆಗುವ ಹೊತ್ತಿಗೆ ಮೀಸಲು ಪೂರ್ತಿ ಮುಗಿದಿರುತ್ತದೆ. ಆದ್ದರಿಂದ 9.06ರ ಒಂದು ಗೇಜ್ ಪಿನ್ ಮಾಡಿಸಿ ಜಿಗ್ಗಿನ ಜೊತೆಗೇ ಇಡಬೇಕು. ಅದು ಬುಷ್ಷಿನೊಳಗೆ ಹೋದ ದಿನ ಬುಷ್ ಬದಲಿಸಬೇಕು. ಸವೆತ ಮೊದಲು ಕಾಣುವುದು ಕೆಳಬಾಯಿಯಲ್ಲಿ, ಹಾಗಾಗಿ ಪ್ಲೇಟನ್ನು ಮಗುಚಿ ಕೆಳಗಿನಿಂದಲೂ ನೋಡಬೇಕು. ಕಣ್ಣಳತೆಯಲ್ಲಿ ಬುಷ್ ಬದಲಿಸುವ ರೂಢಿಯಿಂದಲೇ ಎಷ್ಟೋ ಒಳ್ಳೆಯ ಜಿಗ್‌ಗಳು ಹೆಸರು ಕೆಡಿಸಿಕೊಂಡಿವೆ.

ತಯಾರಿಕೆಯಲ್ಲಿ ಒಂದು ಕ್ರಮವನ್ನು ಬಿಡಬಾರದು. ಬೇಸನ್ನೂ ಪ್ಲೇಟನ್ನೂ ಒಟ್ಟಿಗೆ ಹಿಡಿದು ಡೋವೆಲ್ ತೂತುಗಳನ್ನು ಒಂದೇ ಏಟಿಗೆ ಕೊರೆದು ರೀಮ್ ಮಾಡಬೇಕು (ನಿಖರ ಅಳತೆಗೆ ಹೆರೆಯಬೇಕು). ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್) ಯಂತ್ರದಲ್ಲಿ ಮಾಡಿಸುವುದಾದರೆ ಗುಳಿಯನ್ನೂ ಬುಷ್ ತೂತುಗಳನ್ನೂ ಅದೇ ಡೋವೆಲ್‌ಗಳಿಂದ ಅಳೆದು ತೆಗೆಯುವಂತೆ ಹೇಳಬೇಕು. ಕೇಂದ್ರದಿಂದ ಪ್ರತಿ ಬುಷ್ಷಿಗೆ ಅಡ್ಡ 33.94, ಉದ್ದ 33.94 ಮಿ.ಮೀ. ಪರೀಕ್ಷೆ ಸುಲಭ: ನಾಲ್ಕು ಬುಷ್‌ಗಳಿಗೂ ಸಡಿಲವಿಲ್ಲದ 9 ಮಿ.ಮೀ. ಪಿನ್ನುಗಳನ್ನು ಹಾಕಿ ಮೈಕ್ರೋಮೀಟರಿನಿಂದ ಹೊರಗಿನ ಅಳತೆ ತೆಗೆದರೆ ಅಕ್ಕಪಕ್ಕದ ಪಿನ್ನುಗಳ ಮೇಲೆ 76.88, ಎದುರುಬದುರಿನವುಗಳ ಮೇಲೆ 105.00 ಬರಬೇಕು. ಪಕ್ಕದ ಅಳತೆಗಳೆಲ್ಲ ಒಂದೇ ಬಂದು ಎರಡು ಕರ್ಣಗಳು ಬೇರೆಬೇರೆಯಾದರೆ ಚೌಕ ಓರೆಯಾಗಿದೆ ಎಂದರ್ಥ.

ಬೇಸಿನಲ್ಲಿ ಬುಷ್‌ಗಳ ನೇರಕ್ಕೆ 14 ಮಿ.ಮೀ. ತೂತುಗಳಿರಲಿ, ಕೆಳಗೆ ನಾಲ್ಕು ಕಾಲುಗಳಿರಲಿ. ಮೂರು ಕಾಲಿನ ಜಿಗ್ ಅಡಿಯಲ್ಲಿ ಪುಡಿ ಸಿಕ್ಕಿದರೂ ಅಲುಗಾಡದೆ ಓರೆಯಾಗಿ ನಿಂತುಬಿಡುತ್ತದೆ. ನಾಲ್ಕು ಕಾಲಿನದು ಅಲುಗಾಡಿ ತಿಳಿಸುತ್ತದೆ. ಬಿಟ್ಟಿನೊಂದಿಗೆ ಜಿಗ್ ಸುತ್ತದಂತೆ ಡ್ರಿಲ್ಲಿಂಗ್ ಟೇಬಲ್ಲಿಗೆ ಒಂದು ಪಟ್ಟಿ ಬೋಲ್ಟ್ ಮಾಡಿ ಅದಕ್ಕೆ ಆನಿಸಬೇಕು, ಕೈಯಿಂದ ಹಿಡಿಯುವುದು ಅಪಾಯ. ಬೀಡಿಗೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ಟಿನಲ್ಲಿ ನಿಮಿಷಕ್ಕೆ 700ರಿಂದ 850 ಸುತ್ತು ಸರಿ, ನೀರೆಣ್ಣೆ ಬೇಡ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಊರುಗಳ ಗಾಳಿಯಲ್ಲಿರುವ ತೇವಕ್ಕೆ ಗ್ರೈಂಡ್ ಮಾಡಿದ ಮೈ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಬೀಡಿನ ಪುಡಿ ಆ ತೇವವನ್ನು ಹೀರಿ ಗುಳಿಯ ಮೂಲೆಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಸಂಜೆ ಬ್ರಶ್ಶಿನಿಂದ ಪುಡಿ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಗುಳಿ, ಉಂಗುರ, ಬುಷ್ ಮತ್ತು ಪಿನ್ನುಗಳಿಗೆ ತುಕ್ಕು ತಡೆಯುವ ಎಣ್ಣೆ ಸವರಿ ಇಡಬೇಕು. ಹಸಿ ಮರದ ಹಲಗೆಯ ಮೇಲೆ ಇಡಬಾರದು. ಪ್ಲೇಟಿನ ಮೇಲೆ ಭಾಗದ ಸಂಖ್ಯೆಯನ್ನೂ ಬಿಟ್ಟಿನ ಅಳತೆಯನ್ನೂ ಪಂಚ್ ಮಾಡಿಡಿ. ಜಿಗ್ಗಿನಿಂದ ಬಂದ ಮೊದಲ ಕವರನ್ನು ಹಳೆಯ ಹೌಸಿಂಗಿಗೆ ಕೈಯಿಂದಲೇ ನಾಲ್ಕೂ ಬೋಲ್ಟ್ ಹಾಕಿ ನೋಡಿ, ಕವರನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ನಾಲ್ಕು ಬಗೆಯಲ್ಲೂ ಹಾಕಿ ನೋಡಿ. ಎಲ್ಲ ಬಗೆಯಲ್ಲೂ ಬೋಲ್ಟುಗಳು ಬೆರಳಿಗೇ ಇಳಿದರೆ ಆ ಕವರನ್ನು ಮಾರದೆ, ಗೇಜ್ ಪಿನ್ನಿನೊಡನೆ ಜಿಗ್ಗಿನ ಪಕ್ಕದಲ್ಲಿಯೇ ತೂಗುಹಾಕಿ.