ಡೆಲ್ಟಾ ಟೈಮ್‌ನಿಂದ ಗುಣಿಸಿದರಷ್ಟೇ ಸಾಲದು: ಎಫ್‌ಪಿಎಸ್ ಬದಲಾದಾಗ ಕೆಡುವ ಪಿಸಿ ಗೇಮ್ ಸರಿಪಡಿಸಿದ ನನ್ನ ಅನುಭವ

60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ತೋರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಸರಿಯಾಗಿದ್ದ ಗೇಮ್ 30ಕ್ಕೆ ಇಳಿದರೆ ಒಂದು ಕಟ್ಟೆ ಹತ್ತಲಾಗುತ್ತಿರಲಿಲ್ಲ. 144ಕ್ಕೆ ಏರಿದರೆ ಬಂದೂಕು ನಿಧಾನ, ಕ್ಯಾಮೆರಾ ಮಾತ್ರ ವಿಪರೀತ ಚುರುಕು. ಪಾತ್ರದ ಚಲನೆಯ ಕೋಡ್‌ನಲ್ಲೆಲ್ಲ ಡೆಲ್ಟಾ ಟೈಮ್‌ನ (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯದ) ಗುಣಾಕಾರ ಮೊದಲೇ ಇತ್ತು. ತಪ್ಪು ಇದ್ದದ್ದು ಸಮಯವನ್ನು ಬಳಸಿದ ರೀತಿಯಲ್ಲಿ.

ಮೊದಲು ದೋಷ ಬೇಕೆಂದಾಗ ಮರುಕಳಿಸುವಂತಿರಬೇಕು. ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟುವ ವಿ-ಸಿಂಕ್ ಆಫ್ ಮಾಡಿ, ರಿವಾಟ್ಯೂನರ್ ಎಂಬ ತಂತ್ರಾಂಶದಲ್ಲಿ ಫ್ರೇಮ್ ಮಿತಿಯನ್ನು 30, 60, 144, 240 ಎಂದು ಬದಲಿಸುತ್ತ ಒಂದೇ ಲೆವೆಲ್ ಆಡಿದೆ. ಆಮೇಲೆ 2 ಸೆಕೆಂಡಿಗೊಮ್ಮೆ 100 ಮಿಲಿಸೆಕೆಂಡ್ ಬೇಕೆಂದೇ ನಿಲ್ಲಿಸುವ ಸಾಲೊಂದನ್ನು ಸೇರಿಸಿದೆ. ಒಂದೇ ಸಮನೆ ಓಡುವಾಗ ಅಡಗಿರುವ ದೋಷಗಳು ಈ ಎಡವಿನಲ್ಲಿ ಹೊರಬೀಳುತ್ತವೆ.

ಮುಂದೆ ಗಡಿಯಾರ. ಸಮಯ ಕೊಡುವ ವಿಂಡೋಸ್‌ನ ಗೆಟ್‌ಟಿಕ್‌ಕೌಂಟ್ 10ರಿಂದ 16 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ; 144 ಎಫ್‌ಪಿಎಸ್‌ನ ಫ್ರೇಮ್ ಸುಮಾರು 6.94 ಮಿಲಿಸೆಕೆಂಡಿನದು. ಹಾಗಾಗಿ ಕೆಲವು ಫ್ರೇಮ್‌ಗಳಿಗೆ ಡೆಲ್ಟಾ ಸೊನ್ನೆಯೇ ಬರುತ್ತದೆ. ಇನ್ನೂ ಸೂಕ್ಷ್ಮವಾದ ಕ್ವೆರಿಪರ್ಫಾರ್ಮೆನ್ಸ್‌ಕೌಂಟರ್‌ಗೆ ಬದಲಿಸಿದೆ. ಒಟ್ಟು ಸಮಯವನ್ನು 32 ಬಿಟ್ ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯ ಒಂದು ಬಗೆ) ಇಡಬೇಡಿ: 16,384 ಸೆಕೆಂಡ್, ಅಂದರೆ ನಾಲ್ಕೂವರೆ ಗಂಟೆ ದಾಟಿದರೆ ಅದು ಗುರುತಿಸಬಲ್ಲ ಕನಿಷ್ಠ ಅಂತರ ಸುಮಾರು 2 ಮಿಲಿಸೆಕೆಂಡಿನಷ್ಟು ಒರಟಾಗುತ್ತದೆ. 64 ಬಿಟ್‌ನ ಡಬಲ್ ಬಳಸಿ.

ಕಟ್ಟೆಯ ಎತ್ತರ 2.4 ಮೀಟರ್. ಜಿಗಿತದ ವೇಗ ಸೆಕೆಂಡಿಗೆ 10 ಮೀಟರ್, ಗೇಮ್‌ನ ಗುರುತ್ವ 20. ಲೆಕ್ಕದ ಪ್ರಕಾರ 2.5 ಮೀಟರ್ ಏರಬೇಕು. ಆದರೆ ಮೊದಲು ವೇಗ ತಗ್ಗಿಸಿ, ತಗ್ಗಿದ ವೇಗದಲ್ಲೇ ಸ್ಥಾನ ಸರಿಸುತ್ತಿದ್ದೆವು. ಆಗ 60ರಲ್ಲಿ 2.42 ಮೀಟರ್, 30ರಲ್ಲಿ 2.33 ಮೀಟರ್ ಮಾತ್ರ. ಹಳೆಯ ವೇಗ, ಹೊಸ ವೇಗ ಎರಡರ ಸರಾಸರಿಯಿಂದ ಸ್ಥಾನ ಸರಿಸಿದರೆ, ಗುರುತ್ವ ಸ್ಥಿರವಾಗಿರುವವರೆಗೆ ಉತ್ತರ ನಿಖರ.

ಕ್ಯಾಮೆರಾ ಪ್ರತಿ ಫ್ರೇಮ್‌ಗೂ ಗುರಿಯತ್ತ ಉಳಿದ ದೂರದ ಹತ್ತನೇ ಒಂದು ಭಾಗ ಸಾಗುತ್ತಿತ್ತು. ಫ್ರೇಮ್ ಹೆಚ್ಚಿದಷ್ಟೂ ಬೇಗ ತಲುಪುತ್ತದೆ. ಇಲ್ಲಿ 0.1 ಅನ್ನು ಡೆಲ್ಟಾದಿಂದ ಗುಣಿಸುವುದೂ ತಪ್ಪು. ಉಳಿದ ದೂರ ಪ್ರತಿ ಸಲ ಒಂದೇ ಅನುಪಾತದಲ್ಲಿ ಇಳಿಯುವುದರಿಂದ ಈ ಇಳಿಕೆ ಘಾತೀಯ (ಎಕ್ಸ್‌ಪೊನೆನ್ಶಿಯಲ್). ಸಾಗಬೇಕಾದ ಪಾಲು: 1 − ಎಕ್ಸ್‌ಪ್(−6.32 × ಡೆಲ್ಟಾ). 60ರಲ್ಲಿ ಇದು ಹಳೆಯ 0.1ಕ್ಕೇ ಸಮ, ಕ್ಯಾಮೆರಾದ ಹದ ಕೆಡುವುದಿಲ್ಲ. ಮೌಸ್‌ಗಂತೂ ಡೆಲ್ಟಾ ಮುಟ್ಟಿಸಲೇಬಾರದು. ಅದು ಕೊಡುವುದೇ ಆ ಫ್ರೇಮ್‌ನಲ್ಲಿ ಸರಿದ ದೂರ.

ಬಂದೂಕಿನ ಗುಂಡುಗಳ ಅಂತರ 0.1 ಸೆಕೆಂಡ್. ಹಾರಿಸಿದ ಮೇಲೆ ಟೈಮರನ್ನು ಸೊನ್ನೆ ಮಾಡುತ್ತಿದ್ದುದರಿಂದ ಮಿಕ್ಕ ಚೂರು ಸಮಯ ನಷ್ಟ. 144ರಲ್ಲಿ 14.4 ಫ್ರೇಮ್ ಬೇಕಾದಲ್ಲಿ 15 ಕಾಯಬೇಕು, ಹೀಗೆ ಸೆಕೆಂಡಿಗೆ 10ರ ಬದಲು 9.6 ಗುಂಡು. ಸೊನ್ನೆ ಮಾಡುವ ಬದಲು 0.1 ಕಳೆಯಿರಿ, ಒಮ್ಮೆ ಮಾತ್ರ ಪರೀಕ್ಷಿಸುವ ಇಫ್ ಬದಲು, ಸಮಯ ಮಿಕ್ಕಿರುವವರೆಗೂ ಪರೀಕ್ಷಿಸುವ ವೈಲ್ ಹಾಕಿ.

ಇಷ್ಟಾದರೂ ಡಿಕ್ಕಿ, ಸ್ಪ್ರಿಂಗ್, ಘರ್ಷಣೆಗಳು ಫ್ರೇಮ್‌ಗೆ ತಕ್ಕಂತೆ ಅಲ್ಪಸ್ವಲ್ಪ ಬದಲಾಗುತ್ತಲೇ ಇದ್ದವು. ಕೊನೆಗೆ ಫಿಸಿಕ್ಸ್ ಇಡಿಯಾಗಿ 1/60 ಸೆಕೆಂಡಿನ ಸ್ಥಿರ ಹೆಜ್ಜೆಗೆ ಹೋಯಿತು, ಅಂದರೆ ಎಫ್‌ಪಿಎಸ್ ಎಷ್ಟಿದ್ದರೂ ಲೆಕ್ಕ ಪ್ರತಿ ಸಲ ಅಷ್ಟೇ ಸಮಯ ಮುಂದೆ ಸಾಗುತ್ತದೆ. ಫ್ರೇಮ್‌ನ ಸಮಯವನ್ನು ಅಕ್ಯುಮುಲೇಟರ್‌ಗೆ (ಸಮಯ ಕೂಡಿಡುವ ವೇರಿಯಬಲ್) ಕೂಡಿಸಿ, ಒಂದು ಹೆಜ್ಜೆಯಷ್ಟು ಇರುವವರೆಗೂ ಹೆಜ್ಜೆ ನಡೆಸಿ ಕಳೆಯುವುದು. ಕೂಡಿಸುವ ಮೊದಲು ಸಮಯಕ್ಕೆ 0.25 ಸೆಕೆಂಡಿನ ಮಿತಿ ಬೇಕೇ ಬೇಕು. ಇಲ್ಲವಾದರೆ ತಡವಾದ ಫ್ರೇಮ್ ಹೆಚ್ಚು ಹೆಜ್ಜೆ ಕೇಳುತ್ತದೆ, ಆ ಹೆಜ್ಜೆಗಳೇ ಮುಂದಿನ ಫ್ರೇಮನ್ನು ಇನ್ನೂ ತಡಮಾಡಿ ಗೇಮ್ ನಿಂತುಹೋಗುತ್ತದೆ.

ಇದರಿಂದ ಹುಟ್ಟುವ ಹೊಸ ತೊಂದರೆಗಳೂ ಇವೆ. ಫ್ರೇಮ್‌ಗಳು ಹೆಜ್ಜೆಗಳಿಗೆ ಹೊಂದದ ಕಾರಣ 144ರಲ್ಲಿ ಚಿತ್ರ ನಡುಗುತ್ತದೆ. ಹಿಂದಿನ ಸ್ಥಾನ, ಈಗಿನ ಸ್ಥಾನ ಎರಡನ್ನೂ ಇಟ್ಟುಕೊಂಡು ಅಕ್ಯುಮುಲೇಟರ್‌ನಲ್ಲಿ ಮಿಕ್ಕ ಪಾಲಿನಂತೆ ನಡುವಿನ ಸ್ಥಾನ ತೋರಿಸಬೇಕು. ಟೆಲಿಪೋರ್ಟ್ ಆದಾಗ ಎರಡನ್ನೂ ಒಟ್ಟಿಗೆ ಬದಲಿಸದಿದ್ದರೆ ಪಾತ್ರ ಒಂದು ಗಳಿಗೆ ಗೋಡೆಗಳ ಮೂಲಕ ತೇಲಿಹೋಗುವಂತೆ ಕಾಣುತ್ತದೆ. ನನಗೆ ಹೆಚ್ಚು ಸಮಯ ಹಿಡಿದದ್ದು ಜಂಪ್ ಗುಂಡಿ: 144ರಲ್ಲಿ ಅರ್ಧಕ್ಕಿಂತ ಹೆಚ್ಚು ಫ್ರೇಮ್‌ಗಳಲ್ಲಿ ಹೆಜ್ಜೆಯೇ ನಡೆಯುವುದಿಲ್ಲ, ಆಗ ಒತ್ತಿದ್ದು ಕಳೆದುಹೋಗುತ್ತಿತ್ತು. ಒತ್ತಿದ ಗುರುತನ್ನು ಮುಂದಿನ ಹೆಜ್ಜೆ ಬಳಸುವವರೆಗೆ ಉಳಿಸಿದೆ. ಸೆಕೆಂಡಿಗೆ 50 ಮೀಟರ್ ಹೋಗುವ ಗುಂಡು ಒಂದು ಹೆಜ್ಜೆಯಲ್ಲಿ 83 ಸೆಂಟಿಮೀಟರ್ ಹಾರುವುದರಿಂದ ತೆಳು ಗೋಡೆಗೆ ಹಳೆಯ ಸ್ಥಾನದಿಂದ ಹೊಸದಕ್ಕೆ ರೇಕಾಸ್ಟ್ (ನಡುವೆ ಏನಾದರೂ ಅಡ್ಡವಿದೆಯೇ ಎಂದು ಗೆರೆ ಎಳೆದು ನೋಡುವುದು) ಬೇಕೇ ಆಯಿತು.

ಕಡೆಯ ಪರೀಕ್ಷೆಗೆ ಇನ್‌ಪುಟ್ಟನ್ನು ಫ್ರೇಮ್ ಸಂಖ್ಯೆಯ ಬದಲು ಹೆಜ್ಜೆಯ ಸಂಖ್ಯೆಯೊಂದಿಗೆ ದಾಖಲಿಸಿ, ನಾಲ್ಕೂ ಮಿತಿಗಳಲ್ಲಿ ಮರುನಡೆಸಿದೆ. ಒಂದೇ ಪಿಸಿ, ಒಂದೇ ಬಿಲ್ಡ್‌ನಲ್ಲಿ ಪಾತ್ರದ ಕೊನೆಯ ಸ್ಥಾನ ದಶಮಾಂಶದ ಕಡೆಯ ಅಂಕಿವರೆಗೂ ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ಒಂದು ಸಾಲು ಇನ್ನೂ ಫ್ರೇಮ್‌ನ ಡೆಲ್ಟಾ ಓದುತ್ತಿದೆ.