ಹಳೇ ಮಿಲಿಟರಿ ಸೋಲಾ ಟೋಪಿ ಕೊಳ್ಳೋ ಮುಂಚೆ ಉಲ್ಟಾ ಮಾಡಿ ನೋಡಿ

ಸಿನಿಮಾದಲ್ಲಿ ಬ್ರಿಟಿಷ್ ಆಫೀಸರ್ ತಲೆ ಮೇಲೆ ಬುಟ್ಟಿ ಕವುಚಿದಂಗೆ ಕೂತಿರುತ್ತಲ್ಲ, ಅದೇ ಟೋಪಿ. ಎಷ್ಟೋ ಜನ ಸೋಲಾರ್ ಹ್ಯಾಟ್ ಅಂತಾರೆ, ಆದ್ರೆ ಆ ಹೆಸರಿಗೂ ಸೂರ್ಯಂಗೂ ಸಂಬಂಧ ಇಲ್ಲ, ಸೋಲಾ ಅನ್ನೋದು ಜೌಗು ನೆಲದ ಒಂದು ಗಿಡ, ಅದರ ತಿರುಳೇ ಬೆಂಡು.

ಮೊದಲು ಬ್ಯಾಡ್ಜ್ ಬಿಟ್ಟು ಟೋಪಿ ಉಲ್ಟಾ ಮಾಡಿ. ಒಳಗಿನ ಚರ್ಮದ ಪಟ್ಟಿ ಮೆಲ್ಲಗೆ ಎತ್ತಿ ನೋಡಿ, ಬಾಸಿಂಗದ ಬೆಂಡಿನ ಥರ ಬೆಳ್ಳಗೆ ಹಗುರವಾಗಿದ್ರೆ ಸೋಲಾ, ಕಂದು ಕಾಳು ಕಾಳಾಗಿ ಕಂಡ್ರೆ ಕಾರ್ಕ್. ಎರಡು ಮಹಾಯುದ್ಧದಲ್ಲೂ ಬ್ರಿಟಿಷರು ಹಾಕ್ಕೊಂಡ ವುಲ್ಸ್‌ಲಿ ಮಾದರಿ ಸಾಮಾನ್ಯವಾಗಿ ಕಾರ್ಕಿಂದು, ಆರು ತುಂಡು ಖಾಕಿ ಬಟ್ಟೆ ಹೊಲಿದಿರ್ತಾರೆ, ಸುತ್ತ ಪಗಡಿ ಥರ ಮಡಿಕೆ ಪಟ್ಟಿ, ಕತ್ತಿನ ಕಡೆ ಅಂಚು ಉದ್ದ. ಅಮೆರಿಕದವರದ್ದು ಮಾತ್ರ ಒತ್ತಿ ಮಾಡಿದ ಫೈಬರ್, ಬೆಂಡು ಹುಡುಕಬೇಡಿ.

ನಾನು ಸಂಡೇ ಬಜಾರಲ್ಲಿ ಒಂದನ್ನ "ಸೆಕೆಂಡ್ ವರ್ಲ್ಡ್ ವಾರ್ ಸಾರ್" ಅಂದಿದ್ದಕ್ಕೆ ನಂಬಿ ತಂದು, ಒದ್ದೆ ಬಟ್ಟೇಲಿ ಒಳಗಡೆ ಒರೆಸಿದ್ನಾ, ಗೋಡೆ ರಟ್ಟಿನ ಮುದ್ದೆ ಆಗೋಯ್ತು. ಶೂಟಿಂಗಿಗೆ ಮಾಡಿದ ಮಾಲು ಇರ್ಬೇಕು! ಅಸಲಿಗೂ ನೀರು ತಾಗಿಸಬಾರದು ಅನ್ನೋದು ಬೇರೆ ಮಾತು, ಬೆಂಡು ಊದ್ಕೊಳ್ಳುತ್ತೆ, ಅಂಟು ಬಿಡುತ್ತೆ.

ಆಮೇಲೆ ಮುದ್ರೆ ಹುಡುಕಿ. ಕೋಳಿ ಹೆಜ್ಜೆ ಥರ ಒಂದು ಬಾಣ ಇದ್ರೆ ಸರ್ಕಾರಿ ಮಾಲು, ಬಾಣದ ಕೆಳಗೆ ಇಂಗ್ಲಿಷ್ ಐ ಅಕ್ಷರ ಇದ್ರೆ ಇಂಡಿಯಾದ್ದು, ಯು ಥರದ ಗೆರೆಯೊಳಗೆ ಬಾಣ ಇದ್ರೆ ಸೌತ್ ಆಫ್ರಿಕಾದ್ದು. ಬಾಣ ಇಲ್ಲ ಅಂತ ಎಸೀಬೇಡಿ ಮತ್ತೆ, ಆಫೀಸರ್‌ಗಳು ಸ್ವಂತ ದುಡ್ಡಲ್ಲಿ ತಗೊಂಡಿದ್ದಕ್ಕೆ ಅಂಗಡಿ ಲೇಬಲ್ ಮಾತ್ರ ಇರುತ್ತೆ.

ಜರ್ಮನ್ ಆಫ್ರಿಕಾ ಕೋರ್, ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಹೋರಾಡಿದ ಪಡೆ, ಅವರ ಟೋಪಿಗೆ ಎರಡೂ ಕಡೆ ಗುರಾಣಿ ಆಕಾರದ ಲೋಹದ ಬ್ಯಾಡ್ಜ್ ಇರುತ್ತೆ, ಒಂದ್ರಲ್ಲಿ ಕಪ್ಪು-ಬಿಳಿ-ಕೆಂಪು ಪಟ್ಟೆ, ಇನ್ನೊಂದ್ರಲ್ಲಿ ಹದ್ದು. ಆ ಬ್ಯಾಡ್ಜ್ ಈಚೆಗೆ ಚುಚ್ಚಿದ್ರೆ ಬಟ್ಟೆ ತೂತಿನ ಅಂಚು ಹೊಸದಾಗಿ ಕಾಣುತ್ತೆ, ಸುತ್ತ ತುಕ್ಕಿನ ಕಲೆನೂ ಇರಲ್ಲ. ಅಂಥದ್ದಕ್ಕೆ ದುಡ್ಡು ಹಾಕಬೇಡಿ, ನಾನಂತೂ ಹಾಕಲ್ಲ.

ಮನೇಲಿ ಮೊಳೆಗೆ ನೇತು ಹಾಕಬೇಡಿ, ಭಾರಕ್ಕೆ ಆಕಾರ ಹೋಗುತ್ತೆ, ಒಳಗೆ ಮೆತ್ತಗೆ ಬಿಳಿ ಟಿಶ್ಯೂ ಪೇಪರ್ ತುಂಬಿ ಕಪಾಟಿನಲ್ಲಿಡಿ, ಪ್ಲಾಸ್ಟಿಕ್ ಕವರಲ್ಲಿ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಒಳಗೆ 1916 ಅಂತೇನಾದ್ರೂ ಮುದ್ರೆ ಸಿಕ್ಕಿದ್ರೆ ಫಾರಿನ್‌ಗೆ ಮಾರೋ ಆಸೆ ಬಿಡಿ, ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಅನ್ನಿಸ್ಕೊಳ್ಳಬಹುದು, ಹಂಗಾದ್ರೆ ಖಾಸಗಿಯವರು ದೇಶದಾಚೆ ಕಳಿಸೋ ಹಾಗಿಲ್ಲ.