ಥೆಫ್ಟ್, ಬರ್ಗ್ಲರಿ, ರಾಬರಿ: ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಬಿದ್ರೆ ಏನು ನೋಡ್ಬೇಕು, ಏನು ಮಾಡ್ಬೇಕು

ಎಂಎಸ್ ಮಾಡೋಕೆ, ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಗೆ ಹೋಗಿರೋ ನಮ್ಮ ಮಕ್ಕಳು ಕಮ್ಮಿ ಏನಿಲ್ಲ, ಸನಿವೇಲ್, ಫ್ರೀಮಾಂಟ್ ಕಡೆ ಅಂಗಡಿಗೆ ಹೋದ್ರೆ ಕನ್ನಡ ಕಿವಿಗೆ ಬೀಳುತ್ತೆ. 2025ರ ಜುಲೈನಲ್ಲಿ ಭಾರತದಲ್ಲಿರೋ ಅಮೆರಿಕ ರಾಯಭಾರ ಕಚೇರಿ ಒಂದು ಎಚ್ಚರಿಕೆ ಹಾಕ್ತು: ಅಮೆರಿಕದಲ್ಲಿ ಹಲ್ಲೆ, ಕಳ್ಳತನ, ಬರ್ಗ್ಲರಿ ಮಾಡಿದ್ರೆ ವೀಸಾ ರದ್ದಾಗಬಹುದು, ಮುಂದೆ ಸಿಗದೇನೂ ಹೋಗಬಹುದು ಅಂತ. ಓದಿ ಅಪ್ಪ ಅಮ್ಮಂದಿರಿಗೆ ಭಯ ಆಗೋದು ಸಹಜ, ಆದ್ರೆ ಭಯಕ್ಕಿಂತ ಕಾನೂನು ಗೊತ್ತಿರೋದು ಮುಖ್ಯ. ಅಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಕ್ರಿಮಿನಲ್ ಕಾನೂನು, ಟೆಕ್ಸಸ್ ಲೆಕ್ಕ ಬೇರೆ, ಕ್ಯಾಲಿಫೋರ್ನಿಯಾ ಲೆಕ್ಕ ಬೇರೆ. ಇಲ್ಲಿ ಹೇಳ್ತಿರೋದು ಕ್ಯಾಲಿಫೋರ್ನಿಯಾದ್ದು.

ಮೊದಲು ಕೈಗೆ ಕೊಟ್ಟಿರೋ ಪೇಪರ್ ನೋಡಿ. ಸಣ್ಣ ಕೇಸಾದ್ರೆ ಸಾಮಾನ್ಯವಾಗಿ ಪೊಲೀಸ್ರು ಜೈಲಿಗೆ ಕರ್ಕೊಂಡು ಹೋಗಲ್ಲ, ಇಂಥ ದಿನ ಕೋರ್ಟಿಗೆ ಬರ್ತೀನಿ ಅಂತ ಸೈನ್ ಹಾಕಿಸ್ಕೊಂಡು ಒಂದು ಸೈಟೇಷನ್ ಕೊಟ್ಟು ಬಿಡ್ತಾರೆ, ಅದು ನೋಡೋಕೆ ಟ್ರಾಫಿಕ್ ಟಿಕೆಟ್ ಥರಾನೇ ಇರುತ್ತೆ, ಅದಕ್ಕೇ ಹುಡುಗ್ರು ಬ್ಯಾಗಿಗೆ ತುರುಕಿ ಮರೆತುಬಿಡ್ತಾರೆ, ಡೇಟ್ ತಪ್ಪಿಸಿದ್ರೆ ವಾರಂಟ್ ಬರುತ್ತೆ. ಆ ಪೇಪರಲ್ಲಿ ಪೀನಲ್ ಕೋಡ್‌ನ ಸೆಕ್ಷನ್ ನಂಬರ್ ಇರುತ್ತೆ. 484, 487, 488 ಅಂದ್ರೆ ಥೆಫ್ಟ್, ಅಂದ್ರೆ ಕಳ್ಳತನ. 211 ಅಂದ್ರೆ ರಾಬರಿ, ಬಲ ಹಾಕಿ ಇಲ್ಲಾ ಹೆದರಿಸಿ ಕಿತ್ಕೊಳ್ಳೋದು. 459 ಅಂದ್ರೆ ಬರ್ಗ್ಲರಿ, ಕದಿಯೋ ಉದ್ದೇಶದಿಂದ ಒಳಗೆ ಹೋಗೋದು, 459.5 ಅಂದ್ರೆ ಶಾಪ್‌ಲಿಫ್ಟಿಂಗ್, ತೆರೆದಿರೋ ಅಂಗಡೀಲಿ ಸಣ್ಣ ಬೆಲೆಯದ್ದನ್ನ ಕದಿಯೋಕೆ ಹೋಗೋದು. ಈ ಕೊನೇ ಎರಡರಲ್ಲಿ ಪಾಯಿಂಟ್ ಐದು ಇದೆಯಾ ಇಲ್ವಾ ಅಂತ ಸರಿಯಾಗಿ ನೋಡಿ, ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಆಮೇಲೆ ವಸ್ತುವಿನ ಬೆಲೆ. 950 ಡಾಲರ್, ಅಂದ್ರೆ 80 ಸಾವಿರ ರೂಪಾಯಿ ಮೇಲೆ, ಇದೇ ಗಡಿ. ಅದರೊಳಗಿದ್ರೆ ಪೆಟಿ ಥೆಫ್ಟ್, ಹೆಚ್ಚೆಂದ್ರೆ ಆರು ತಿಂಗಳು ಜೈಲು, ಸಾವಿರ ಡಾಲರ್ ಫೈನ್. ದಾಟಿದ್ರೆ ಗ್ರ್ಯಾಂಡ್ ಥೆಫ್ಟ್, ಅದನ್ನ ಸಣ್ಣ ಅಪರಾಧ ಅಂದ್ರೆ ಮಿಸ್‌ಡಿಮೀನರ್ ಅಂತಾನೂ ಹಾಕಬಹುದು, ದೊಡ್ಡದು ಅಂದ್ರೆ ಫೆಲನಿ ಅಂತಾನೂ ಹಾಕಬಹುದು, ಫೆಲನಿ ಆದ್ರೆ ಮೂರು ವರ್ಷದವರೆಗೂ ಹೋಗುತ್ತೆ. 950ರ ಒಳಗಿದ್ರೆ ಏನೂ ಆಗಲ್ಲ ಅನ್ನೋ ಮಾತು ಶುದ್ಧ ಸುಳ್ಳು, ದಯವಿಟ್ಟು ನಂಬಬೇಡಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಜನ ಓಟು ಹಾಕಿ ಪಾಸ್ ಮಾಡಿದ ಪ್ರಾಪೊಸಿಷನ್ 36 ಪ್ರಕಾರ, ಹಿಂದೆ ಎರಡು ಸಲ ಕಳ್ಳತನದಲ್ಲಿ ಶಿಕ್ಷೆ ಆಗಿದ್ರೆ ಮೂರನೇ ಸಲ ಬೆಲೆ ಎಷ್ಟೇ ಇರಲಿ ಫೆಲನಿ ಹಾಕಬಹುದು.

ಬೆಲೆ ಜೊತೆಗೆ ಉದ್ದೇಶಾನೂ ಮುಖ್ಯ. ಸೆಲ್ಫ್ ಚೆಕ್‌ಔಟ್‌ನಲ್ಲಿ ಕಾರ್ಟ್ ಕೆಳಗಿನ ತಟ್ಟೇಲಿದ್ದ ಅಕ್ಕಿ ಮೂಟೆ ಸ್ಕ್ಯಾನ್ ಮಾಡೋಕೆ ನಿಜವಾಗ್ಲೂ ಮರೆತಿದ್ರೆ ಅದು ಥೆಫ್ಟ್ ಅಲ್ಲ. ಆದ್ರೆ ಅಗ್ಗದ ಸಾಮಾನಿನ ಬಾರ್‌ಕೋಡ್ ಸ್ಟಿಕರ್ ಕಿತ್ತು ದುಬಾರಿ ಸಾಮಾನಿಗೆ ಅಂಟಿಸಿದ್ರೆ, ಮರೆತೆ ಅನ್ನೋ ಮಾತು ನಿಲ್ಲಲ್ಲ, ಕ್ಯಾಮೆರಾ ತಲೆ ಮೇಲೇ ಇರುತ್ತೆ.

ಬರ್ಗ್ಲರಿ ಅಂದ ತಕ್ಷಣ ರಾತ್ರಿ ಬೀಗ ಒಡೆದು ನುಗ್ಗೋದು ಅಂದ್ಕೋತೀವಿ. ಅಲ್ಲಿ ಬೀಗ ಒಡೀಬೇಕಾಗಿಲ್ಲ, ಏನೂ ಕದೀಬೇಕಾಗೂ ಇಲ್ಲ, ಕದಿಯೋ ಉದ್ದೇಶ ಇಟ್ಕೊಂಡು ಕಟ್ಟಡದ ಒಳಗೆ ಕಾಲಿಟ್ರೆ ಸಾಕು, ಬಾಗಿಲು ಹಾರು ಹೊಡೆದಿದ್ರೂ ಅಷ್ಟೇ. ಜನ ವಾಸ ಇರೋ ಮನೆ ಆದ್ರೆ ಫಸ್ಟ್ ಡಿಗ್ರಿ, ಅಂದ್ರೆ ಹೆಚ್ಚು ಗಂಭೀರ ದರ್ಜೆ, ಆ ಹೊತ್ತಿಗೆ ಮನೇಲಿ ಯಾರೂ ಇರದಿದ್ರೂ ಲೆಕ್ಕ ಒಂದೇ, ಶಿಕ್ಷೆ 2, 4 ಅಥವಾ 6 ವರ್ಷ. ಲಾಕ್ ಆಗಿರೋ ಕಾರಿನೊಳಗಿಂದ ಬ್ಯಾಗ್ ಎತ್ತಿದ್ರೂ ಇದೇ 459. ಅಂಗಡಿ ತೆರೆದಿರೋ ಟೈಮಲ್ಲಿ ಒಳಗೆ ಹೋಗಿ 950 ಡಾಲರ್ ಒಳಗಿನದ್ದು ಕದಿಯೋಕೆ ನೋಡಿದ್ರೆ ಮಾತ್ರ ಅದು 459.5. 2014ರಲ್ಲಿ ಪ್ರಾಪೊಸಿಷನ್ 47 ಬಂದಾಗ ಇದನ್ನ ಬರ್ಗ್ಲರಿಯಿಂದ ಬೇರೆ ಮಾಡಿ, ಸಾಮಾನ್ಯವಾಗಿ ಮಿಸ್‌ಡಿಮೀನರ್ ಅಂತ ಇಟ್ರು.

ರಾಬರಿಗೆ ಬೆಲೆ ಲೆಕ್ಕಕ್ಕೇ ಇಲ್ಲ. ಮನುಷ್ಯನ ಮೈಮೇಲಿಂದ ಅಥವಾ ಅವನ ಎದುರಿಂದ, ಬಲ ಹಾಕಿ ಇಲ್ಲಾ ಹೆದರಿಸಿ ಕಿತ್ಕೊಂಡ್ರೆ ಐದು ಡಾಲರ್ ಆದ್ರೂ ರಾಬರಿ, ಯಾವಾಗಲೂ ಫೆಲನಿ, ಕಮ್ಮಿ ದರ್ಜೆಯದ್ದಕ್ಕೇ 2, 3 ಅಥವಾ 5 ವರ್ಷ. ಹುಡುಗರಿಗೆ ಗೊತ್ತಿಲ್ಲದ ಅಪಾಯ ಇರೋದು ಇಲ್ಲೇ. 1983ರ ಒಂದು ಕೇಸಲ್ಲಿ ಎಸ್ಟೆಸ್ ಅನ್ನೋ ಒಬ್ಬ ಅಂಗಡಿಯಿಂದ ಕೋಟು, ವೆಸ್ಟು ಹಾಕ್ಕೊಂಡು ದುಡ್ಡು ಕೊಡದೆ ಹೊರಗೆ ಬಂದ, ಸೆಕ್ಯೂರಿಟಿ ಗಾರ್ಡ್ ಹೊರಗೆ ತಡೆದಾಗ ಚಾಕು ತೋರಿಸಿದ. ಕದ್ದಿದ್ದು ಅಂಗಡಿ ಒಳಗೆ, ಹೆದರಿಸಿದ್ದು ಹೊರಗೆ, ಆದ್ರೂ ಕೋರ್ಟ್ ಅದು ರಾಬರಿನೇ ಅಂತು. ಇಂಥದ್ದನ್ನ ಇವತ್ತಿಗೂ ಲಾಯರ್‌ಗಳು ಎಸ್ಟೆಸ್ ರಾಬರಿ ಅಂತಾರೆ. ಅಂದ್ರೆ ಗಾರ್ಡನ್ನ ತಳ್ಳಿ ಓಡಿದ್ರೆ ಒಂದು ಲಿಪ್‌ಸ್ಟಿಕ್ ಕದ್ದ ಸಣ್ಣ ಕೇಸೂ 211 ಆಗಿಬಿಡಬಹುದು. ತಡೆದ್ರೆ ನಿಂತುಬಿಡಿ, ಕೈ ಮಾಡಬೇಡಿ.

ನಿಂತ ಮೇಲೆ ಬಾಯಿ ಮುಚ್ಕೊಂಡಿರೋದು ಒಳ್ಳೇದು. ಹೆಸರು, ಐಡಿ ಕೊಡಿ, ಘಟನೆ ಬಗ್ಗೆ ಲಾಯರ್ ಜೊತೆ ಮಾತಾಡಿದ ಮೇಲೇ ಹೇಳ್ತೀನಿ ಅನ್ನಿ. ಅಂಗಡಿ ಒಳಗಿನ ರೂಮಲ್ಲಿ ಕೂರಿಸಿ ತಪ್ಪೊಪ್ಪಿಗೆ ಥರದ ಕಾಗದ ಮುಂದಿಟ್ರೆ ಸೈನ್ ಹಾಕಲೇಬೇಕು ಅಂತೇನಿಲ್ಲ. ಕೆಲವು ವಾರ ಆದ್ಮೇಲೆ ಅಂಗಡಿ ಕಡೆಯಿಂದ ದುಡ್ಡು ಕೇಳಿ ಲೆಟರ್ ಬರಬಹುದು, ಕಾನೂನಲ್ಲಿ ಅದಕ್ಕೆ 50ರಿಂದ 500 ಡಾಲರ್ ಅವಕಾಶ ಇದೆ, ಆದ್ರೆ ಅದನ್ನ ಕಟ್ಟಿದ್ರೆ ಕ್ರಿಮಿನಲ್ ಕೇಸ್ ಮುಗೀತು ಅಂತ ಅಲ್ಲ, ಅದೇ ಬೇರೆ ಇದೇ ಬೇರೆ.

ಕೋರ್ಟಲ್ಲಿ ಮೊದಲ ದಿನ ತಪ್ಪು ಒಪ್ಕೋತೀರಾ ಅಂತ ಕೇಳ್ತಾರೆ. ಫೈನ್ ಕಟ್ಟಿ ಮುಗಿಸೋಣ ಅನ್ನೋ ಆತುರದಲ್ಲಿ ಒಪ್ಕೋಬೇಡಿ, ಇದು ನನ್ನ ಕಳಕಳಿಯ ಮಾತು. ನೋ ಕಾಂಟೆಸ್ಟ್, ಅಂದ್ರೆ ತಪ್ಪು ಒಪ್ಪೋದೂ ಇಲ್ಲ ವಾದ ಮಾಡೋದೂ ಇಲ್ಲ, ಅಂತ ಹೇಳಿದ್ರೂ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಶಿಕ್ಷೆ ಆದಂಗೇ, ಕಳ್ಳತನಾನ ಅವರು ಸಾಮಾನ್ಯವಾಗಿ ನೀತಿಗೆಟ್ಟ ಅಪರಾಧಗಳ ಸಾಲಿಗೆ ಸೇರಿಸ್ತಾರೆ. ಲಾಯರ್‌ಗೆ ದುಡ್ಡಿಲ್ಲ ಅಂದ್ರೆ ಪಬ್ಲಿಕ್ ಡಿಫೆಂಡರ್, ಅಂದ್ರೆ ಸರ್ಕಾರದ ಕಡೆಯಿಂದ ಕೊಡೋ ಲಾಯರ್, ಬೇಕು ಅಂತ ಕೇಳಿ. ತಪ್ಪೊಪ್ಪಿದ್ರೆ ವೀಸಾಗೆ ಏನಾಗುತ್ತೆ ಅಂತ ಹೇಳೋದು ಲಾಯರ್ ಕರ್ತವ್ಯ ಅಂತ 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಡಿಯಾ ಕೇಸಲ್ಲಿ ಹೇಳಿದೆ, ಹಾಗಾಗಿ ಸಂಕೋಚ ಬಿಟ್ಟು ಕೇಳಿ. ಮಿಸ್‌ಡಿಮೀನರ್ ಆದ್ರೆ ಜುಡಿಷಿಯಲ್ ಡೈವರ್ಷನ್ ಸಿಗುತ್ತಾ ಅಂತ ಕೇಳಿಸಿ: 2021ರಿಂದ ಇರೋ ಈ ದಾರೀಲಿ ತಪ್ಪು ಒಪ್ಕೊಳ್ದೇನೇ ಜಡ್ಜ್ ಹೇಳಿದ ಕ್ಲಾಸು, ಸೇವೆ ಎಲ್ಲಾ ಮುಗಿಸಿದ್ರೆ ಕೇಸ್ ವಜಾ ಆಗುತ್ತೆ, ಹೆಚ್ಚೆಂದ್ರೆ 24 ತಿಂಗಳು.

ವಜಾ ಆದ್ಮೇಲೂ ಕೋರ್ಟಿಂದ ಸೀಲ್ ಹಾಕಿದ ಸರ್ಟಿಫೈಡ್ ಕಾಪಿಗಳನ್ನ ತಗೊಂಡು ಜೋಪಾನವಾಗಿ ಇಟ್ಕೊಳ್ಳಿ. ವೀಸಾ ಅರ್ಜಿಯಲ್ಲಿ ಯಾವತ್ತಾದ್ರೂ ಅರೆಸ್ಟ್ ಆಗಿದ್ರಾ ಅಂತ ಕೇಳ್ತಾರೆ, ಶಿಕ್ಷೆ ಆಯ್ತಾ ಅಂತ ಮಾತ್ರ ಅಲ್ಲ, ಆವಾಗ ಈ ಕಾಪಿಗಳು ಬೇಕಾಗುತ್ತೆ.